ಪ್ರಿಯಾನ್ ರೋಗಗಳು: ಅಪಾಯದ ಸ್ವರೂಪ ಮತ್ತು ಹರಡುವ ವಿಧಾನ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮನುಷ್ಯರಲ್ಲಿ ಹಾಗೂ ಕೆಲವು ಸಸ್ತನಿ ಪ್ರಾಣಿಗಳಲ್ಲಿ ಮೆದುಳನ್ನು ನಾಶಪಡಿಸುವ, ಈವರೆಗೆ ಗುಣಪಡಿಸುವ ಚಿಕಿತ್ಸೆ ಲಭ್ಯವಿಲ್ಲದ ಕೆಲವು ಅಪರೂಪದ ಕಾಯಿಲೆಗಳನ್ನು ಒಟ್ಟಾಗಿ ಪ್ರಿಯಾನ್ ರೋಗಗಳೆಂದು ಕರೆಯಲಾಗುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ‘ಹುಚ್ಚು ಹಸು ರೋಗ’ದ ಸುದ್ದಿಯೊಂದಿಗೆ ಇವುಗಳ ಹೆಸರು ಜನಸಾಮಾನ್ಯರಿಗೂ ಪರಿಚಿತವಾಯಿತು. ಆದರೆ ಈ ರೋಗಗಳ ಬಗ್ಗೆ ಸಾರ್ವಜನಿಕರಲ್ಲಿ ಎರಡು ಬಗೆಯ ತಪ್ಪು ಕಲ್ಪನೆಗಳು ಉಳಿದುಬಂದಿರುತ್ತವೆ. ರೋಗಿಯನ್ನು ಮುಟ್ಟಿದರೆ ಅಥವಾ ಆತನೊಂದಿಗೆ ಒಂದೇ ಮನೆಯಲ್ಲಿ ವಾಸಿಸಿದರೆ ರೋಗ ಅಂಟುತ್ತದೆ ಎಂಬುದು ಮೊದಲನೆಯದು. ಎಲ್ಲ ರೋಗಾಣುಗಳಂತೆ ಇದೂ ಕುದಿಸಿದರೆ ಸಾಯುತ್ತದೆ ಎಂಬುದು ಎರಡನೆಯದು. ಈ ಎರಡೂ ಸರಿಯಲ್ಲ.

ಮೊದಲನೆಯ ತಪ್ಪು ಕಲ್ಪನೆಯಿಂದಾಗಿ ಕೊನೆಯ ದಿನಗಳಲ್ಲಿರುವ ರೋಗಿಯು ಆರೈಕೆಯಿಂದ ವಂಚಿತನಾಗುತ್ತಾನೆ. ಎರಡನೆಯದರಿಂದಾಗಿ ಶಸ್ತ್ರಚಿಕಿತ್ಸೆಯ ಉಪಕರಣಗಳ ಮೂಲಕ ಇತರರಿಗೆ ಅಪಾಯ ಉಂಟಾಗುತ್ತದೆ. ಆದ್ದರಿಂದ ರೋಗದ ತೀವ್ರತೆ ಎಷ್ಟು, ಅದು ಹರಡುವ ಸಾಧ್ಯತೆ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ನೋಡುವುದು ಅವಶ್ಯಕ. ಈ ಪುಟದಲ್ಲಿ ಅವುಗಳ ಬಗ್ಗೆ ಮಾಹಿತಿ ನೀಡಲಾಗಿದೆ.

2. ಪ್ರಿಯಾನ್ ಎಂದರೇನು?

ಸಾಂಕ್ರಾಮಿಕ ರೋಗಗಳಿಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ, ವೈರಾಣು, ಶಿಲೀಂಧ್ರ ಅಥವಾ ಪರೋಪಜೀವಿಗಳು ಕಾರಣವಾಗಿರುತ್ತವೆ. ಇವೆಲ್ಲವುಗಳಲ್ಲಿ ವಂಶವಾಹಿ ದ್ರವ್ಯ ಇರುತ್ತದೆ. ಪ್ರಿಯಾನ್ ಈ ಯಾವ ಗುಂಪಿಗೂ ಸೇರುವುದಿಲ್ಲ. ಅದು ಕೇವಲ ಒಂದು ಪ್ರೋಟೀನ್.

ಆರೋಗ್ಯವಂತ ವ್ಯಕ್ತಿಯ ನರಕೋಶಗಳ ಮೇಲ್ಮೈಯಲ್ಲಿ ‘ಪ್ರಿಯಾನ್ ಪ್ರೋಟೀನ್’ ಎಂಬ ಪ್ರೋಟೀನ್ ಸಹಜವಾಗಿಯೇ ಇರುತ್ತದೆ. ಇದನ್ನು ತಯಾರಿಸುವ ವಂಶವಾಹಿಯು ಮನುಷ್ಯನ 20ನೆಯ ವರ್ಣತಂತುವಿನಲ್ಲಿದೆ. ಪ್ರತಿಯೊಂದು ಪ್ರೋಟೀನ್ ನಿರ್ದಿಷ್ಟ ರೀತಿಯಲ್ಲಿ ಮಡಿಕೆಯಾದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಪ್ರಿಯಾನ್ ಪ್ರೋಟೀನಿನ ಮಡಿಕೆ ತಪ್ಪಿದಲ್ಲಿ, ಹಾಗೆ ತಪ್ಪಾಗಿ ಮಡಿಸಿದ ಪ್ರೋಟೀನ್ ತನ್ನ ಸಂಪರ್ಕಕ್ಕೆ ಬಂದ ಸರಿಯಾದ ಪ್ರೋಟೀನನ್ನೂ ತನ್ನ ರೂಪಕ್ಕೆ ತಿರುಗಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಚಕ್ರಬಡ್ಡಿಯಂತೆ ಇದು ಬೆಳೆಯುತ್ತಾ ಹೋಗುತ್ತದೆ. ಆರಂಭದ ಅನೇಕ ವರ್ಷಗಳಲ್ಲಿ ಯಾವ ಲಕ್ಷಣವೂ ಕಾಣದಿದ್ದು, ಕೊನೆಯಲ್ಲಿ ರೋಗ ಅತಿವೇಗವಾಗಿ ಉಲ್ಬಣಿಸಲು ಇದು ಒಂದು ಕಾರಣವಾಗಿರುತ್ತದೆ. ನರಕೋಶಗಳು ಸತ್ತು, ಸೂಕ್ಷ್ಮದರ್ಶಕದಲ್ಲಿ ಮೆದುಳಿನ ಅಂಗಾಂಶವು ಸ್ಪಂಜಿನಂತೆ ರಂಧ್ರಮಯವಾಗಿ ಕಾಣುತ್ತದೆ.

1967ರಲ್ಲಿ ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ ಮತ್ತು ಸಹೋದ್ಯೋಗಿಗಳು, ಕುರಿಗಳ ಸ್ಕ್ರೇಪಿ ರೋಗದ ಕಾರಕವು ವಂಶವಾಹಿ ದ್ರವ್ಯವನ್ನು ನಾಶಪಡಿಸುವ ವಿಕಿರಣಕ್ಕೂ ಜಗ್ಗುವುದಿಲ್ಲವೆಂದು ತೋರಿಸಿದರು. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರೂಸಿನರ್ 1982ರಲ್ಲಿ ಈ ಕಾರಕಕ್ಕೆ ‘ಪ್ರಿಯಾನ್’ ಎಂದು ಹೆಸರಿಟ್ಟರು. ವಂಶವಾಹಿ ಇಲ್ಲದ ವಸ್ತುವೊಂದು ಸೋಂಕು ಉಂಟುಮಾಡುತ್ತದೆ ಎಂಬ ವಾದವನ್ನು ಅನೇಕ ವಿಜ್ಞಾನಿಗಳು ದೀರ್ಘಕಾಲ ಒಪ್ಪಲಿಲ್ಲ. 1997ರಲ್ಲಿ ಪ್ರೂಸಿನರ್ ಅವರಿಗೆ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ನೀಡಲಾಯಿತು.

3. ಮುಖ್ಯ ಪ್ರಿಯಾನ್ ರೋಗಗಳು

ಮನುಷ್ಯರಲ್ಲಿ ಕಂಡುಬರುವವು:
(ಅ) ಕ್ರೂಟ್ಸ್‌ಫೆಲ್ಟ್-ಯಾಕೋಬ್ ರೋಗ (ಸಿಜೆಡಿ). 1920 ಮತ್ತು 1921ರಲ್ಲಿ ಇದನ್ನು ವರದಿ ಮಾಡಿದ ಇಬ್ಬರು ಜರ್ಮನ್ ವೈದ್ಯರ ಹೆಸರಿನಿಂದ ಕರೆಯಲಾಗುತ್ತದೆ. ಮನುಷ್ಯರ ಪ್ರಿಯಾನ್ ರೋಗಗಳಲ್ಲಿ ಬಹುಪಾಲು ಇದೇ ಆಗಿರುತ್ತದೆ.
(ಆ) ಭಿನ್ನರೂಪಿ ಸಿಜೆಡಿ. ಹುಚ್ಚು ಹಸು ರೋಗದಿಂದ ಮನುಷ್ಯರಿಗೆ ಬಂದ ರೋಗ.
(ಇ) ಕುರು. ಪಾಪುವಾ ನ್ಯೂಗಿನಿ ದೇಶದ ಒಂದು ಪ್ರದೇಶಕ್ಕೆ ಸೀಮಿತವಾಗಿದ್ದ ರೋಗ.
(ಈ) ಮಾರಕ ವಂಶಪಾರಂಪರ್ಯ ನಿದ್ರಾಹೀನತೆ ಹಾಗೂ ಗರ್ಸ್ಟ್‌ಮನ್-ಸ್ಟ್ರೌಸ್ಲರ್-ಶೈಂಕರ್ ರೋಗ. ಇವು ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಅತಿ ವಿರಳ ರೋಗಗಳು.

ಪ್ರಾಣಿಗಳಲ್ಲಿ ಕಂಡುಬರುವವು:
(ಅ) ಸ್ಕ್ರೇಪಿ – ಕುರಿ ಮತ್ತು ಮೇಕೆಗಳಲ್ಲಿ. ಯೂರೋಪಿನಲ್ಲಿ 18ನೆಯ ಶತಮಾನದಿಂದಲೂ ತಿಳಿದಿರುವ ರೋಗ.
(ಆ) ಹುಚ್ಚು ಹಸು ರೋಗ (ಬಿಎಸ್‌ಇ) – ದನಗಳಲ್ಲಿ.
(ಇ) ಜಿಂಕೆಗಳ ದೀರ್ಘಕಾಲಿಕ ಕ್ಷಯಿಸುವ ರೋಗ – ಜಿಂಕೆ, ಎಲ್ಕ್, ಮೂಸ್ ಹಾಗೂ ಹಿಮಸಾರಂಗಗಳಲ್ಲಿ. ಇದಕ್ಕೂ ಕ್ಷಯರೋಗಕ್ಕೂ ಯಾವುದೇ ಸಂಬಂಧವಿರುವುದಿಲ್ಲ.

4. ಈ ರೋಗಗಳು ಎಷ್ಟು ಅಪಾಯಕಾರಿ?

ರೋಗಲಕ್ಷಣ ಕಾಣಿಸಿಕೊಂಡ ನಂತರ ಪ್ರಿಯಾನ್ ರೋಗಗಳು ಮಾರಕವೇ ಆಗಿರುತ್ತವೆ. ಸಾಮಾನ್ಯ ಸಿಜೆಡಿಯಲ್ಲಿ ಲಕ್ಷಣ ಆರಂಭವಾದ ನಾಲ್ಕೈದು ತಿಂಗಳುಗಳಲ್ಲಿ ಅರ್ಧದಷ್ಟು ರೋಗಿಗಳು ಮರಣ ಹೊಂದುತ್ತಾರೆ. ಒಂದು ವರ್ಷ ದಾಟುವವರು ಕಡಿಮೆ. ಭಿನ್ನರೂಪಿ ಸಿಜೆಡಿಯಲ್ಲಿ ಈ ಅವಧಿ ಸುಮಾರು 14 ತಿಂಗಳು.

ಈ ರೋಗಗಳನ್ನು ಇತರ ರೋಗಗಳಿಗಿಂತ ಭಿನ್ನವಾಗಿಸುವ ಅಂಶಗಳು ಈ ಕೆಳಕಂಡಂತಿವೆ:
(ಅ) ಪ್ರಿಯಾನ್ ಶರೀರದ ಸ್ವಂತ ಪ್ರೋಟೀನಿನ ಮತ್ತೊಂದು ರೂಪವಾದುದರಿಂದ ರೋಗನಿರೋಧಕ ವ್ಯವಸ್ಥೆಯು ಅದನ್ನು ಶತ್ರುವೆಂದು ಗುರುತಿಸುವುದಿಲ್ಲ. ಜ್ವರ ಬರುವುದಿಲ್ಲ. ಸೋಂಕಿನ ವಿರುದ್ಧ ಪ್ರತಿಕಾಯಗಳು ಉತ್ಪತ್ತಿಯಾಗುವುದಿಲ್ಲ.
(ಆ) ಸೋಂಕು ತಗುಲಿದ ದಿನದಿಂದ ಲಕ್ಷಣ ಕಾಣುವವರೆಗಿನ ಸುಪ್ತಾವಧಿ ಹಲವು ವರ್ಷಗಳಿಂದ ಹಲವು ದಶಕಗಳವರೆಗೆ ಇರಬಹುದು. ಈ ಅವಧಿಯಲ್ಲಿ ವ್ಯಕ್ತಿಯು ಪೂರ್ಣ ಆರೋಗ್ಯವಂತನಾಗಿ ಕಾಣುತ್ತಾನೆ.
(ಇ) ಲಸಿಕೆ ಇಲ್ಲ. ನಾಯಿ ಕಚ್ಚಿದ ಕೂಡಲೇ ಲಸಿಕೆ ಪಡೆದಲ್ಲಿ ರೇಬಿಸ್ ರೋಗವನ್ನು ತಡೆಯಬಹುದು. ಪ್ರಿಯಾನ್ ಸೋಂಕಿನ ನಂತರ ನೀಡಬಹುದಾದ ಅಂತಹ ಯಾವುದೇ ಔಷಧ ಈವರೆಗೆ ದೃಢಪಟ್ಟಿರುವುದಿಲ್ಲ.

ಆದರೆ ಈ ರೋಗಗಳು ಅತ್ಯಂತ ವಿರಳ ಎಂಬುದನ್ನು ಇದರ ಜೊತೆಯಲ್ಲಿಯೇ ಗಮನಿಸಬೇಕು. ಪ್ರಪಂಚದಾದ್ಯಂತ ಸಿಜೆಡಿಯ ಪ್ರಮಾಣವು ವರ್ಷಕ್ಕೆ ಪ್ರತಿ ಹತ್ತು ಲಕ್ಷ ಜನರಿಗೆ ಒಂದರಿಂದ ಎರಡು ಮಾತ್ರ. ಬಂದವರಿಗೆ ಅಪಾಯ ಪೂರ್ಣ, ಆದರೆ ಬರುವ ಸಂಭವ ತೀರಾ ಕಡಿಮೆ. ಈ ಎರಡೂ ಅಂಶಗಳನ್ನು ಒಟ್ಟಿಗೆ ನೆನಪಿನಲ್ಲಿಟ್ಟುಕೊಳ್ಳುವುದು ಸೂಕ್ತ.

5. ಮನುಷ್ಯರಿಗೆ ರೋಗ ಬರುವ ಮಾರ್ಗಗಳು

5.1 ತಾನಾಗಿ ಬರುವುದು
ಮನುಷ್ಯರ ಪ್ರಿಯಾನ್ ರೋಗಗಳ ಪೈಕಿ ಸುಮಾರು ಶೇಕಡಾ 85ರಷ್ಟು ಈ ಗುಂಪಿಗೆ ಸೇರಿರುತ್ತವೆ. ಆಹಾರ, ವೃತ್ತಿ ಅಥವಾ ಸಂಪರ್ಕದಂತಹ ಯಾವುದೇ ಹೊರಗಿನ ಕಾರಣ ಪತ್ತೆಯಾಗಿರುವುದಿಲ್ಲ. ಹೆಚ್ಚಾಗಿ 60 ವರ್ಷ ಮೇಲ್ಪಟ್ಟವರಲ್ಲಿ ಕಂಡುಬರುತ್ತದೆ. ಸಸ್ಯಾಹಾರಿಗಳಿಗೂ ಬರುತ್ತದೆ. ಆದ್ದರಿಂದ ರೋಗಿಯ ಊಟ ಅಥವಾ ನಡತೆಯಲ್ಲಿ ದೋಷ ಹುಡುಕುವುದು ಸರಿಯಲ್ಲ.

5.2 ವಂಶಪಾರಂಪರ್ಯವಾಗಿ ಬರುವುದು
ಶೇಕಡಾ 10 ರಿಂದ 15ರಷ್ಟು ಪ್ರಕರಣಗಳಲ್ಲಿ ಪ್ರಿಯಾನ್ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿರುತ್ತದೆ. ತಂದೆ ಅಥವಾ ತಾಯಿಗೆ ಈ ದೋಷವಿದ್ದಲ್ಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡಾ 50. ದೋಷವಿದ್ದವರೆಲ್ಲರಿಗೂ ರೋಗ ಬಂದೇ ತೀರುತ್ತದೆ ಎಂದಿಲ್ಲ. ಅದು ದೋಷದ ಬಗೆಯನ್ನು ಅವಲಂಬಿಸಿರುತ್ತದೆ.

5.3 ಆಹಾರದ ಮೂಲಕ: ಕುರು
ಪಾಪುವಾ ನ್ಯೂಗಿನಿಯ ಪೂರ್ವ ಎತ್ತರದ ಪ್ರದೇಶದಲ್ಲಿ ವಾಸಿಸುವ ಫೋರೆ ಜನರಲ್ಲಿ, ಮೃತ ಬಂಧುಗಳ ಶರೀರವನ್ನು ಅಂತ್ಯಸಂಸ್ಕಾರದ ಭಾಗವಾಗಿ ಸೇವಿಸುವ ಪದ್ಧತಿ ಇತ್ತು. ಅವರ ದೃಷ್ಟಿಯಲ್ಲಿ ಅದು ಮೃತರಿಗೆ ಸಲ್ಲಿಸುವ ಗೌರವವಾಗಿತ್ತು. ಮೆದುಳು ಮತ್ತಿತರ ಭಾಗಗಳನ್ನು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು ಸೇವಿಸುತ್ತಿದ್ದರು. ನಡುಕ, ತೂರಾಟ, ಕೊನೆಗೆ ಮರಣ – ಈ ಕಾಯಿಲೆಗೆ ತುತ್ತಾದವರಲ್ಲಿಯೂ ಅವರೇ ಹೆಚ್ಚಾಗಿದ್ದರು. 1950ರ ದಶಕದ ಕೊನೆಯಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಜನರು ಮೃತಪಟ್ಟರು. ಒಟ್ಟಾರೆಯಾಗಿ 2,500ಕ್ಕೂ ಹೆಚ್ಚು ಜನರು ಬಲಿಯಾದರು. ಹಲವು ಹಳ್ಳಿಗಳಲ್ಲಿ ತಾಯಂದಿರೇ ಉಳಿಯದ ಸ್ಥಿತಿ ಉಂಟಾಗಿತ್ತು.

1959ರಲ್ಲಿ ಪಶುವೈದ್ಯ ವಿಲಿಯಂ ಹ್ಯಾಡ್ಲೋ ಅವರು ಕುರು ಹಾಗೂ ಕುರಿಗಳ ಸ್ಕ್ರೇಪಿ ರೋಗಗಳಲ್ಲಿ ಮೆದುಳಿಗಾಗುವ ಹಾನಿ ಒಂದೇ ರೀತಿಯದೆಂದು ಗುರುತಿಸಿದರು. ಇದರ ಆಧಾರದ ಮೇಲೆ ಕಾರ್ಲ್‌ಟನ್ ಗೈಡುಸೆಕ್ ಮತ್ತು ಸಹೋದ್ಯೋಗಿಗಳು ಕುರು ರೋಗವು ಚಿಂಪಾಂಜಿಗಳಿಗೆ ಹರಡಬಲ್ಲದೆಂಬುದನ್ನು 1966ರಲ್ಲಿ ದೃಢಪಡಿಸಿದರು. ಗೈಡುಸೆಕ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು.

ಈ ಪದ್ಧತಿಯು 1960ರ ವೇಳೆಗೆ ಬಹುತೇಕ ನಿಂತುಹೋಯಿತು. ಆ ನಂತರ ಜನಿಸಿದ ಮಕ್ಕಳಲ್ಲಿ ಕುರು ಕಾಣಿಸಿಕೊಳ್ಳಲಿಲ್ಲ. ರೋಗಗ್ರಸ್ತ ತಾಯಂದಿರ ಗರ್ಭದಲ್ಲಿ ಬೆಳೆದು ಅವರ ಎದೆಹಾಲು ಕುಡಿದ ಮಕ್ಕಳೂ ಸುರಕ್ಷಿತವಾಗಿ ಉಳಿದರು. ಆದರೆ ಬಾಲ್ಯದಲ್ಲಿ ಸೋಂಕು ಪಡೆದಿದ್ದ ಕೆಲವರಲ್ಲಿ 40, ಒಂದೆರಡು ಪ್ರಕರಣಗಳಲ್ಲಿ ಬಹುಶಃ 50ಕ್ಕೂ ಹೆಚ್ಚು ವರ್ಷಗಳ ನಂತರ ರೋಗ ಕಾಣಿಸಿಕೊಂಡಿತು. ಪ್ರಿಯಾನ್ ಎಷ್ಟು ಕಾಲ ಅಡಗಿರಬಲ್ಲದು ಎಂಬುದಕ್ಕೂ, ಮಾರ್ಗವನ್ನು ಮುಚ್ಚಿದರೆ ರೋಗ ಕೊನೆಗೊಳ್ಳುತ್ತದೆ ಎಂಬುದಕ್ಕೂ ಕುರು ನಿದರ್ಶನವಾಗಿರುತ್ತದೆ.

5.4 ಆಹಾರದ ಮೂಲಕ: ಬ್ರಿಟನ್ನಿನ ಹುಚ್ಚು ಹಸು ರೋಗ
1986ರ ನವೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ದನಗಳ ಹೊಸ ಕಾಯಿಲೆಯೊಂದನ್ನು ಗುರುತಿಸಲಾಯಿತು. ದನಗಳು ಬೆದರುವುದು, ತತ್ತರಿಸಿ ಬೀಳುವುದು ಇದರ ಲಕ್ಷಣಗಳಾಗಿದ್ದವು. ಸತ್ತ ಪ್ರಾಣಿಗಳ ಉಳಿಕೆಯಿಂದ ತಯಾರಿಸಿದ ಮಾಂಸ-ಮೂಳೆ ಪುಡಿಯನ್ನು ಪ್ರೋಟೀನಿಗಾಗಿ ಹಸುಕರುಗಳ ಆಹಾರದಲ್ಲಿ ಬೆರೆಸಿದ್ದೇ ರೋಗ ಹರಡಲು ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ರೋಗಗ್ರಸ್ತ ದನದ ಉಳಿಕೆ ಪುಡಿಯಾಗಿ, ಆ ಪುಡಿ ಮತ್ತೆ ದನಗಳ ಹೊಟ್ಟೆ ಸೇರಿ, ಸೋಂಕು ಸುತ್ತು ಸುತ್ತಿಗೂ ಹೆಚ್ಚಿತು. ಕರುವೊಂದಕ್ಕೆ ರೋಗ ಬರಲು ಸೋಂಕಿತ ಮೆದುಳಿನ ಒಂದು ಗ್ರಾಂಗಿಂತ ಕಡಿಮೆ ಅಂಶವೂ ಸಾಕಾಗುತ್ತದೆಂದು ಪ್ರಯೋಗಗಳಿಂದ ಕಂಡುಬಂದಿದೆ.

ಕ್ರಮಗಳ ವಿವರ ಹೀಗಿದೆ:
– ಜುಲೈ 1988: ಮೆಲುಕು ಹಾಕುವ ಪ್ರಾಣಿಗಳ ಮಾಂಸ-ಮೂಳೆ ಪುಡಿಯನ್ನು ಅದೇ ವರ್ಗದ ಪ್ರಾಣಿಗಳಿಗೆ ನೀಡುವುದಕ್ಕೆ ನಿಷೇಧ.
– ನವೆಂಬರ್ 1989: ದನದ ಮೆದುಳು, ಬೆನ್ನುಹುರಿ, ಗುಲ್ಮ ಮುಂತಾದ ನಿರ್ದಿಷ್ಟ ಭಾಗಗಳನ್ನು ಮನುಷ್ಯರ ಆಹಾರದಲ್ಲಿ ಬಳಸುವುದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಷೇಧ.
– 1992: ರೋಗ ತುತ್ತತುದಿ ತಲುಪಿ, ಒಂದೇ ವರ್ಷದಲ್ಲಿ 36 ಸಾವಿರಕ್ಕೂ ಹೆಚ್ಚು ದನಗಳಲ್ಲಿ ಪತ್ತೆ.
– ಮಾರ್ಚ್ 1996: ರೋಗವು ಮನುಷ್ಯರಿಗೆ ಬಂದಿರುವ ಸಂಭವವನ್ನು ಸರ್ಕಾರ ಸಂಸತ್ತಿನಲ್ಲಿ ಪ್ರಕಟಿಸಿತು. ಬ್ರಿಟನ್ನಿನ ಗೋಮಾಂಸ ರಫ್ತಿಗೆ ಯೂರೋಪಿಯನ್ ಒಕ್ಕೂಟದಿಂದ ನಿಷೇಧ.
– 1996: ಸಸ್ತನಿಗಳ ಮಾಂಸ-ಮೂಳೆ ಪುಡಿಯನ್ನು ಎಲ್ಲ ಸಾಕುಪ್ರಾಣಿಗಳ ಆಹಾರದಿಂದಲೂ ತೆಗೆಯಲಾಯಿತು. 30 ತಿಂಗಳು ಮೀರಿದ ದನಗಳ ಮಾಂಸ ಆಹಾರ ಸರಪಳಿಗೆ ಸೇರದಂತೆ ತಡೆಯಲಾಯಿತು.

1988ರ ನಿಷೇಧದ ನಂತರ ಹುಟ್ಟಿದ 40 ಸಾವಿರಕ್ಕೂ ಹೆಚ್ಚು ದನಗಳಿಗೂ ರೋಗ ಬಂದಿತು. ಹಂದಿ ಹಾಗೂ ಕೋಳಿಗಳ ಆಹಾರಕ್ಕೆ ಈ ಪುಡಿಯ ಬಳಕೆ ಮುಂದುವರಿದಿದ್ದು, ಒಂದೇ ಗಿರಣಿಯಲ್ಲಿ ಎರಡೂ ಬಗೆಯ ಆಹಾರ ತಯಾರಾಗುತ್ತಿದ್ದುದರಿಂದ ಕಲಬೆರಕೆ ನಿಲ್ಲಲಿಲ್ಲ. ಆದೇಶ ಹೊರಡಿಸಿದ ಮಾತ್ರಕ್ಕೆ ಸಾಲದು, ಅದರ ಪಾಲನೆಯೂ ಸಂಪೂರ್ಣವಾಗಿರಬೇಕು ಎಂಬುದು ಇದರಿಂದ ವ್ಯಕ್ತವಾಯಿತು. ಬ್ರಿಟನ್ನಿನಲ್ಲಿ ಒಟ್ಟು 1 ಲಕ್ಷ 80 ಸಾವಿರಕ್ಕೂ ಹೆಚ್ಚು ದನಗಳಲ್ಲಿ ರೋಗ ದೃಢಪಟ್ಟಿತು. ನಿಯಂತ್ರಣಕ್ಕಾಗಿ 40 ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಲ್ಲಲಾಯಿತು.

1990ರಲ್ಲಿ ಅಂದಿನ ಕೃಷಿ ಸಚಿವರು ಕ್ಯಾಮೆರಾಗಳ ಮುಂದೆ ತಮ್ಮ ಚಿಕ್ಕ ಮಗಳಿಗೆ ಗೋಮಾಂಸದ ಬರ್ಗರ್ ನೀಡಿ, ಅದು ಸುರಕ್ಷಿತವೆಂದು ಜನರಿಗೆ ಭರವಸೆ ನೀಡಿದ್ದರು. ಆರು ವರ್ಷಗಳ ನಂತರ ಭಿನ್ನರೂಪಿ ಸಿಜೆಡಿ ಬೆಳಕಿಗೆ ಬಂದಿತು. ಈ ರೋಗವು ವೃದ್ಧರಿಗಿಂತ ಯುವಜನರನ್ನೇ ಹೆಚ್ಚಾಗಿ ಬಾಧಿಸಿತು. ಮೃತರ ಸರಾಸರಿ ವಯಸ್ಸು 30ಕ್ಕಿಂತ ಕಡಿಮೆ ಇತ್ತು. ಬ್ರಿಟನ್ನಿನಲ್ಲಿ 178 ಮಂದಿ ಮೃತಪಟ್ಟರು. ಇತರ ದೇಶಗಳೂ ಸೇರಿ ಒಟ್ಟು ಸುಮಾರು 230 ಪ್ರಕರಣಗಳು ದಾಖಲಾಗಿವೆ. 2000ನೇ ಇಸವಿಯಲ್ಲಿ ಅತಿ ಹೆಚ್ಚು, ಅಂದರೆ 28 ಮರಣಗಳು ಬ್ರಿಟನ್ನಿನಲ್ಲಿ ಸಂಭವಿಸಿದವು. ಆ ನಂತರ ಸಂಖ್ಯೆ ಇಳಿಮುಖವಾಯಿತು. ಲಾರ್ಡ್ ಫಿಲಿಪ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು 2000ದ ಅಕ್ಟೋಬರ್‌ನಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಜನರು ಗಾಬರಿಯಾಗುತ್ತಾರೆಂಬ ಕಾರಣದಿಂದ ಅಪಾಯದ ಸಂಭವವನ್ನು ಮೃದುವಾಗಿ ಹೇಳಿದ್ದು ಸರ್ಕಾರದ ಮಾತಿನ ಮೇಲಿನ ವಿಶ್ವಾಸಕ್ಕೆ ಧಕ್ಕೆ ತಂದಿತೆಂದು ಅಭಿಪ್ರಾಯಪಟ್ಟಿತು.

5.5 ವೈದ್ಯಕೀಯ ವಿಧಾನಗಳ ಮೂಲಕ
ಈ ಮಾರ್ಗದಿಂದ ಬಂದ ಪ್ರಕರಣಗಳು ಒಟ್ಟು ಸಿಜೆಡಿಯ ಶೇಕಡಾ 1ಕ್ಕಿಂತ ಕಡಿಮೆ. ದಾಖಲಾಗಿರುವ ಮುಖ್ಯ ಸಂದರ್ಭಗಳು ಹೀಗಿವೆ:
(ಅ) ಬೆಳವಣಿಗೆಯ ಹಾರ್ಮೋನ್: ಮೃತರ ಪಿಟ್ಯುಟರಿ ಗ್ರಂಥಿಗಳಿಂದ ತೆಗೆದ ಹಾರ್ಮೋನನ್ನು ಕುಳ್ಳಗಿನ ಮಕ್ಕಳಿಗೆ ಚುಚ್ಚುಮದ್ದಾಗಿ ನೀಡಲಾಗುತ್ತಿತ್ತು. ಇದರಿಂದ ಫ್ರಾನ್ಸ್, ಬ್ರಿಟನ್, ಅಮೆರಿಕ ಮುಂತಾದ ದೇಶಗಳಲ್ಲಿ 200ಕ್ಕೂ ಹೆಚ್ಚು ಮಂದಿಗೆ ಸಿಜೆಡಿ ಬಂದಿತು. 1985ರಲ್ಲಿ ಅಮೆರಿಕ ಮತ್ತು ಬ್ರಿಟನ್ ಇದರ ಬಳಕೆ ನಿಲ್ಲಿಸಿದವು. ಈಗ ಬಳಕೆಯಲ್ಲಿರುವ ಹಾರ್ಮೋನ್ ಪ್ರಯೋಗಾಲಯದಲ್ಲಿ ತಯಾರಾದುದಾಗಿದ್ದು, ಅದರಿಂದ ಈ ಅಪಾಯ ಇರುವುದಿಲ್ಲ.
(ಆ) ಮೆದುಳಿನ ಹೊರಪೊರೆಯ ಕಸಿ: ಮೃತರಿಂದ ತೆಗೆದ ಪೊರೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೇಪೆಯಾಗಿ ಬಳಸಿದ್ದರಿಂದ 200ಕ್ಕೂ ಹೆಚ್ಚು ಮಂದಿಗೆ ರೋಗ ಬಂದಿದ್ದು, ಇವರಲ್ಲಿ ಬಹುಪಾಲು ಜಪಾನಿನವರು.
(ಇ) ಕಾರ್ನಿಯಾ ಕಸಿ: 1974ರಲ್ಲಿ ಮೊದಲ ಪ್ರಕರಣ ವರದಿಯಾಯಿತು. ಇಂತಹ ಪ್ರಕರಣಗಳು ಅತಿ ವಿರಳ.
(ಈ) ಉಪಕರಣಗಳು: ಸಿಜೆಡಿ ರೋಗಿಯ ಮೆದುಳಿನೊಳಗೆ ಬಳಸಿದ ವಿದ್ಯುದ್ವಾರಗಳನ್ನು ಆಲ್ಕೋಹಾಲ್ ಮತ್ತು ಫಾರ್ಮಾಲ್ಡಿಹೈಡ್ ಆವಿಯಿಂದ ಶುದ್ಧಗೊಳಿಸಿ ಮತ್ತೆ ಬಳಸಿದ್ದರಿಂದ ಇಬ್ಬರು ಯುವ ರೋಗಿಗಳಿಗೆ ರೋಗ ತಗುಲಿದುದು 1977ರಲ್ಲಿ ವರದಿಯಾಯಿತು. ಅದೇ ವಿದ್ಯುದ್ವಾರಗಳನ್ನು ನಂತರ ಚಿಂಪಾಂಜಿಗೆ ಅಳವಡಿಸಿದಾಗ ಅದಕ್ಕೂ ರೋಗ ಬಂದಿತು.
(ಉ) ರಕ್ತ: ಭಿನ್ನರೂಪಿ ಸಿಜೆಡಿಯ ಸೋಂಕು ರಕ್ತದ ಮೂಲಕ ವರ್ಗಾವಣೆಯಾದ ನಾಲ್ಕು ಸಂದರ್ಭಗಳು ಬ್ರಿಟನ್ನಿನಲ್ಲಿ ದಾಖಲಾಗಿವೆ. ಇವೆಲ್ಲವೂ ಬಿಳಿ ರಕ್ತಕಣಗಳನ್ನು ಸೋಸಿ ತೆಗೆಯುವ ಕ್ರಮ 1999ರಲ್ಲಿ ಪೂರ್ಣವಾಗಿ ಜಾರಿಗೆ ಬರುವ ಮುನ್ನ ನೀಡಿದ ರಕ್ತದಿಂದ ಆದವು. ಸಾಮಾನ್ಯ ಸಿಜೆಡಿಯು ರಕ್ತದ ಮೂಲಕ ಹರಡಿದ ದೃಢಪಟ್ಟ ಪ್ರಕರಣವಿಲ್ಲ.
(ಊ) ಪ್ರಯೋಗಾಲಯದ ಗಾಯ: ಫ್ರಾನ್ಸ್‌ನಲ್ಲಿ 2010ರಲ್ಲಿ ಸೋಂಕಿತ ಮೆದುಳಿನ ಮಾದರಿಯನ್ನು ನಿರ್ವಹಿಸುವಾಗ ಬೆರಳಿಗೆ ಚುಚ್ಚಿಸಿಕೊಂಡ ಪ್ರಯೋಗಾಲಯ ಸಿಬ್ಬಂದಿಯೊಬ್ಬರು ಭಿನ್ನರೂಪಿ ಸಿಜೆಡಿಯಿಂದ 2019ರಲ್ಲಿ ಮೃತಪಟ್ಟರು.

6. ಯಾವುದರಿಂದ ಹರಡುವುದಿಲ್ಲ?

ಈ ಕೆಳಕಂಡವುಗಳಿಂದ ರೋಗ ಹರಡಿದ ನಿದರ್ಶನ ಇರುವುದಿಲ್ಲ:
– ರೋಗಿಯನ್ನು ಮುಟ್ಟುವುದು, ಅಪ್ಪಿಕೊಳ್ಳುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು
– ಒಂದೇ ತಟ್ಟೆ, ಲೋಟ, ಹಾಸಿಗೆ, ಶೌಚಾಲಯ ಬಳಸುವುದು
– ಕೆಮ್ಮು, ಸೀನು, ಗಾಳಿ, ನೀರು, ಸೊಳ್ಳೆ ಕಡಿತ
– ದಾಂಪತ್ಯ ಸಂಪರ್ಕ

ಪ್ರಿಯಾನ್‌ಗಳು ಮುಖ್ಯವಾಗಿ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ಹಿಂಭಾಗದಲ್ಲಿ ಹೆಚ್ಚಿನ ಪ್ರಮಾಣದಲ್ಲಿರುತ್ತವೆ. ಆ ಅಂಗಾಂಶಗಳು ಮತ್ತೊಬ್ಬರ ಶರೀರದೊಳಗೆ ಸೇರಿದಾಗ ಮಾತ್ರ ಗಣನೀಯ ಅಪಾಯ ಇರುತ್ತದೆ. ಮನೆಯ ಆರೈಕೆಯಲ್ಲಿ ಇಂತಹ ಸಂದರ್ಭ ಬರುವುದಿಲ್ಲ. ಆದ್ದರಿಂದ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿರಿಸುವ ಅವಶ್ಯಕತೆ ಇಲ್ಲ.

7. ಪ್ರಾಣಿಗಳಲ್ಲಿ ಹರಡುವಿಕೆ

ಜಿಂಕೆಗಳ ಕ್ಷಯಿಸುವ ರೋಗವು ಮೇಲ್ಕಂಡ ಚಿತ್ರಣಕ್ಕಿಂತ ಭಿನ್ನವಾಗಿರುತ್ತದೆ. 1967ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮೊದಲು ಕಂಡ ಈ ರೋಗ ಅಲ್ಲಿನ 30ಕ್ಕೂ ಹೆಚ್ಚು ರಾಜ್ಯಗಳಿಗೆ ವ್ಯಾಪಿಸಿದ್ದು, ಕೆನಡಾ ಹಾಗೂ ದಕ್ಷಿಣ ಕೊರಿಯಾದಲ್ಲಿಯೂ, 2016ರಿಂದ ಈಚೆಗೆ ನಾರ್ವೆ, ಫಿನ್‌ಲ್ಯಾಂಡ್, ಸ್ವೀಡನ್ ದೇಶಗಳಲ್ಲಿಯೂ ಪತ್ತೆಯಾಗಿರುತ್ತದೆ. ಸೋಂಕಿತ ಪ್ರಾಣಿಗಳ ಜೊಲ್ಲು, ಮೂತ್ರ ಮತ್ತು ಸಗಣಿಯ ಮೂಲಕ ಪ್ರಿಯಾನ್‌ಗಳು ಮಣ್ಣು ಸೇರಿ, ವರ್ಷಗಟ್ಟಲೆ ಅಲ್ಲಿ ಉಳಿದು, ಇತರ ಜಿಂಕೆಗಳಿಗೆ ಹರಡುತ್ತವೆ. ಈ ರೋಗ ಮನುಷ್ಯರಿಗೆ ಬಂದ ದೃಢಪಟ್ಟ ಪ್ರಕರಣ ಇರುವುದಿಲ್ಲ. ಆದಾಗ್ಯೂ, ಸೋಂಕಿತ ಜಿಂಕೆಯ ಮಾಂಸ ಸೇವಿಸದಂತೆ ಅಲ್ಲಿನ ಆರೋಗ್ಯ ಅಧಿಕಾರಿಗಳು ಸಲಹೆ ನೀಡುತ್ತಾರೆ.

ಕುರಿಗಳ ಸ್ಕ್ರೇಪಿ ರೋಗವು ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲದಿಂದ ಇದ್ದರೂ ಮನುಷ್ಯರಿಗೆ ಹರಡಿದ ಪುರಾವೆ ದೊರೆತಿಲ್ಲ.

8. ಪ್ರಿಯಾನ್‌ಗಳನ್ನು ನಾಶಪಡಿಸುವುದು

ಸಾಮಾನ್ಯ ಅಡುಗೆಯ ಶಾಖ, ಪ್ರೆಷರ್ ಕುಕ್ಕರ್, ಆಲ್ಕೋಹಾಲ್, ನೇರಳಾತೀತ ಕಿರಣ ಇವು ಪ್ರಿಯಾನ್‌ಗಳನ್ನು ನಾಶಪಡಿಸಲಾರವು. ಫಾರ್ಮಲಿನ್ ಅವುಗಳನ್ನು ಮತ್ತಷ್ಟು ಗಟ್ಟಿಗೊಳಿಸುತ್ತದೆ. 1930ರ ದಶಕದಲ್ಲಿ ಬ್ರಿಟನ್ನಿನಲ್ಲಿ ಕುರಿಗಳ ಬೇರೊಂದು ರೋಗಕ್ಕೆ ಫಾರ್ಮಲಿನ್‌ನಿಂದ ಸಂಸ್ಕರಿಸಿ ತಯಾರಿಸಿದ ಲಸಿಕೆಯಿಂದಲೇ ನೂರಾರು ಕುರಿಗಳಿಗೆ ಸ್ಕ್ರೇಪಿ ಹರಡಿದ್ದು ದಾಖಲಾಗಿದೆ. ಸೋಂಕಿತ ಅಂಗಾಂಶವನ್ನು ಮೂರು ವರ್ಷ ಮಣ್ಣಿನಲ್ಲಿ ಹೂತಿಟ್ಟ ನಂತರವೂ ಅದರಲ್ಲಿ ಸೋಂಕು ಉಳಿದಿದ್ದುದು ಪ್ರಯೋಗದಿಂದ ತಿಳಿದುಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಈ ಬಗ್ಗೆ ಮಾರ್ಗಸೂಚಿ ಪ್ರಕಟಿಸಿದೆ. ಹೆಚ್ಚು ಅಪಾಯದ ಅಂಗಾಂಶಕ್ಕೆ ತಗುಲಿದ ಉಪಕರಣಗಳನ್ನು ಸಾಧ್ಯವಾದಲ್ಲಿ ಸುಟ್ಟು ನಾಶಪಡಿಸಬೇಕು. ಅದು ಸಾಧ್ಯವಿಲ್ಲದಿದ್ದಲ್ಲಿ ಪ್ರಬಲ ಸೋಡಿಯಂ ಹೈಡ್ರಾಕ್ಸೈಡ್ ಅಥವಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಒಂದು ಗಂಟೆ ಕಾಲ ಇರಿಸಿ, ನಂತರ ಹೆಚ್ಚಿನ ಉಷ್ಣತೆಯ ಆಟೋಕ್ಲೇವ್‌ನಲ್ಲಿ ಸಂಸ್ಕರಿಸಬೇಕು. ಉಪಕರಣಗಳ ಮೇಲೆ ಅಂಗಾಂಶ ಒಣಗಲು ಬಿಡಬಾರದು. ಇವು ಆಸ್ಪತ್ರೆಗಳಿಗೆ ಸಂಬಂಧಿಸಿದ ಕ್ರಮಗಳಾಗಿದ್ದು, ಸಾರ್ವಜನಿಕರು ಮನೆಯಲ್ಲಿ ಈ ರಾಸಾಯನಿಕಗಳನ್ನು ಬಳಸತಕ್ಕದ್ದಲ್ಲ.

9. ಭಾರತದಲ್ಲಿನ ಸ್ಥಿತಿ

ಭಾರತದಲ್ಲಿ ಹುಚ್ಚು ಹಸು ರೋಗ ವರದಿಯಾಗಿರುವುದಿಲ್ಲ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು 2010ರಲ್ಲಿ ಭಾರತವನ್ನು ಈ ರೋಗದ ‘ನಗಣ್ಯ ಅಪಾಯ’ದ ದೇಶಗಳ ಪಟ್ಟಿಗೆ ಸೇರಿಸಿತು. ಹಾಲು ಹಾಗೂ ಮಾಂಸ ನೀಡುವ ಪ್ರಾಣಿಗಳಿಗೆ (ಕೋಳಿ, ಹಂದಿ ಹಾಗೂ ಮೀನು ಹೊರತುಪಡಿಸಿ) ದನ ಅಥವಾ ಹಂದಿ ಮೂಲದ ಮಾಂಸ-ಮೂಳೆ ಪುಡಿ ಇರುವ ಆಹಾರ ನೀಡುವುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿರ್ಬಂಧಿಸಿದೆ. ಹುಲ್ಲು, ಹಿಂಡಿ, ಬೂಸಾ ನೀಡಿ ಜಾನುವಾರು ಸಾಕುವ ಪದ್ಧತಿಯೂ ಈ ರೋಗದ ದೃಷ್ಟಿಯಿಂದ ಸುರಕ್ಷಿತವಾದುದು.

ಸಾಮಾನ್ಯ ಸಿಜೆಡಿ ಇತರ ದೇಶಗಳಂತೆ ಭಾರತದಲ್ಲಿಯೂ ಕಂಡುಬರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ (ನಿಮ್ಹಾನ್ಸ್) ತಜ್ಞರು 1971 ರಿಂದ 1990ರ ಅವಧಿಯ ಭಾರತದ ಪ್ರಕರಣಗಳನ್ನು ಕ್ರೋಡೀಕರಿಸಿ 1991ರಲ್ಲಿ ಪ್ರಕಟಿಸಿರುತ್ತಾರೆ. ವೃದ್ಧಾಪ್ಯದ ಮರೆವು ಅಥವಾ ಪಾರ್ಶ್ವವಾಯು ಎಂದು ಭಾವಿಸಿ ತಪಾಸಣೆ ಆಗದೇ ಉಳಿಯುವ ಪ್ರಕರಣಗಳೂ ಇರುವ ಸಂಭವವಿದೆ.

10. ರೋಗಲಕ್ಷಣಗಳು ಮತ್ತು ಪತ್ತೆ

ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಉಲ್ಬಣಿಸುವ ಮರೆವು, ನಡಿಗೆಯಲ್ಲಿ ತೂರಾಟ, ದೃಷ್ಟಿದೋಷ, ಕೈಕಾಲುಗಳು ಇದ್ದಕ್ಕಿದ್ದಂತೆ ಬೆಚ್ಚಿಬೀಳುವುದು, ಮಾತು ನಿಲ್ಲುವುದು ಸಿಜೆಡಿಯ ಮುಖ್ಯ ಲಕ್ಷಣಗಳು. ಭಿನ್ನರೂಪಿ ಸಿಜೆಡಿಯಲ್ಲಿ ಮೊದಲು ಖಿನ್ನತೆ, ಆತಂಕ ಹಾಗೂ ಕೈಕಾಲುಗಳಲ್ಲಿ ನೋವು ಕಂಡುಬರುತ್ತದೆ. ಎಂಆರ್‌ಐ, ಇಇಜಿ ಹಾಗೂ ಬೆನ್ನುಹುರಿ ದ್ರವದ ಪರೀಕ್ಷೆಗಳಿಂದ ರೋಗವನ್ನು ಬಹುಮಟ್ಟಿಗೆ ಗುರುತಿಸಬಹುದು. ಪೂರ್ಣ ಖಚಿತತೆಗೆ ಮೆದುಳಿನ ಅಂಗಾಂಶದ ಪರೀಕ್ಷೆ ಅವಶ್ಯಕ.

ತ್ವರಿತವಾಗಿ ಹೆಚ್ಚುವ ಮರೆವು ಎಲ್ಲವೂ ಸಿಜೆಡಿ ಆಗಿರುವುದಿಲ್ಲ. ಮೆದುಳಿನ ಉರಿಯೂತ, ಥೈರಾಯ್ಡ್ ದೋಷ, ಜೀವಸತ್ವದ ಕೊರತೆ, ಮೆದುಳಿನ ಹೊದಿಕೆಯ ಕೆಳಗೆ ರಕ್ತ ಹೆಪ್ಪುಗಟ್ಟುವುದು ಮುಂತಾದ ಚಿಕಿತ್ಸೆಗೆ ಬಗ್ಗುವ ಕಾರಣಗಳೂ ಇವೆ. ಈ ಕಾರಣದಿಂದಲೇ ವಿಳಂಬ ಮಾಡದೆ ನರರೋಗ ತಜ್ಞರಲ್ಲಿ ತಪಾಸಣೆ ಮಾಡಿಸುವುದು ಅತಿ ಮುಖ್ಯ.

11. ಸೇವೆ ಪಡೆಯುವ ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

(1) ಶಸ್ತ್ರಚಿಕಿತ್ಸೆ: ಮೆದುಳು, ಬೆನ್ನುಹುರಿ ಅಥವಾ ಕಣ್ಣಿನ ಶಸ್ತ್ರಚಿಕಿತ್ಸೆಗೆ ಮುನ್ನ, ರೋಗಿಗೆ ಸಿಜೆಡಿ ಶಂಕೆಯಿದ್ದಲ್ಲಿ ಅಥವಾ ಕುಟುಂಬದಲ್ಲಿ ಈ ರೋಗವಿದ್ದಲ್ಲಿ ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕು. ಮುಚ್ಚಿಟ್ಟಲ್ಲಿ ಅದೇ ಉಪಕರಣಗಳನ್ನು ಬಳಸಲಾಗುವ ಮುಂದಿನ ರೋಗಿಗೆ ಅಪಾಯವಾಗಬಹುದು.
(2) ನೇತ್ರದಾನ, ಅಂಗಾಂಗ ದಾನ: ಪ್ರಿಯಾನ್ ರೋಗದಿಂದ ಮೃತಪಟ್ಟವರ ಕಣ್ಣು ಮತ್ತು ಅಂಗಾಂಗಗಳನ್ನು ಕಸಿಗೆ ಸ್ವೀಕರಿಸಲಾಗುವುದಿಲ್ಲ. ದಾನದ ವಾಗ್ದಾನ ಪತ್ರ ನೀಡಿದ್ದರೂ ಸಹ ಕುಟುಂಬದವರು ನೇತ್ರ ಬ್ಯಾಂಕಿಗೆ ರೋಗದ ವಿಷಯ ತಿಳಿಸಬೇಕು.
(3) ರಕ್ತದಾನ: 1980 ರಿಂದ 1996ರ ಅವಧಿಯಲ್ಲಿ ಬ್ರಿಟನ್ನಿನಲ್ಲಿ ವಾಸವಿದ್ದವರಿಂದ ರಕ್ತ ಪಡೆಯುವುದನ್ನು ಹಲವು ದೇಶಗಳು ನಿರ್ಬಂಧಿಸಿದ್ದವು. ಈ ನಿರ್ಬಂಧವನ್ನು ಅಮೆರಿಕ ಮತ್ತು ಆಸ್ಟ್ರೇಲಿಯಾ 2022ರಲ್ಲಿ ತೆಗೆದುಹಾಕಿವೆ. ಆ ಅವಧಿಯಲ್ಲಿ ವಿದ್ಯಾಭ್ಯಾಸ ಅಥವಾ ಉದ್ಯೋಗಕ್ಕಾಗಿ ಅಲ್ಲಿದ್ದ ಅನಿವಾಸಿ ಕನ್ನಡಿಗರು ತಾವು ರಕ್ತದಾನ ಮಾಡುವ ದೇಶದ ನಿಯಮವನ್ನು ವಿಚಾರಿಸಿ ಮುಂದುವರಿಯುವುದು.
(4) ಆಮದು: ಜಾನುವಾರು ಹಾಗೂ ಜಾನುವಾರು ಉತ್ಪನ್ನಗಳ ಆಮದು, ಜಾನುವಾರು ಆಮದು ಅಧಿನಿಯಮ, 1898ರ (2001ರ ತಿದ್ದುಪಡಿಯಂತೆ) ನಿಬಂಧನೆಗಳಿಗೆ ಒಳಪಟ್ಟಿರುತ್ತದೆ. ವಿದೇಶದಿಂದ ಮಾಂಸೋತ್ಪನ್ನ ಅಥವಾ ಪಶು ಆಹಾರ ತರಿಸುವವರು ಮುಂಚಿತವಾಗಿ ಅನುಮತಿಯ ಅವಶ್ಯಕತೆಯನ್ನು ಪರಿಶೀಲಿಸಿಕೊಳ್ಳಬೇಕು.
(5) ಅಂತ್ಯಸಂಸ್ಕಾರ: ಶವವನ್ನು ದಹನ ಅಥವಾ ದಫನ ಮಾಡಲು ಅಡ್ಡಿ ಇರುವುದಿಲ್ಲ. ಬಂಧುಗಳು ಮುಖ ನೋಡುವುದರಿಂದ, ಮುಟ್ಟುವುದರಿಂದ ಅಪಾಯವಿಲ್ಲ. ಮರಣೋತ್ತರ ಪರೀಕ್ಷೆ ಅಥವಾ ಶವ ಸಂರಕ್ಷಣೆ ಮಾಡುವ ಸಿಬ್ಬಂದಿಗೆ ಮಾತ್ರ ರೋಗದ ವಿಷಯವನ್ನು ತಪ್ಪದೇ ತಿಳಿಸಬೇಕು.
(6) ವಂಶವಾಹಿ ಪರೀಕ್ಷೆ: ಕುಟುಂಬದಲ್ಲಿ ವಂಶಪಾರಂಪರ್ಯ ರೋಗ ದೃಢಪಟ್ಟಿದ್ದಲ್ಲಿ, ಪರೀಕ್ಷೆಗೆ ಮುನ್ನ ಆಪ್ತಸಮಾಲೋಚನೆ ಪಡೆಯುವುದು ಸೂಕ್ತ. ತಡೆಯುವ ಔಷಧ ಇಲ್ಲದಿರುವಾಗ ಫಲಿತಾಂಶ ತಿಳಿಯಬೇಕೇ ಬೇಡವೇ ಎಂಬುದು ಆಯಾ ವ್ಯಕ್ತಿಯ ಸ್ವಂತ ನಿರ್ಧಾರವಾಗಿರುತ್ತದೆ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಾಲು, ಮೊಸರು, ತುಪ್ಪದಿಂದ ಪ್ರಿಯಾನ್ ರೋಗ ಬರುತ್ತದೆಯೇ?
ಉತ್ತರ: ಇಲ್ಲ. ಹುಚ್ಚು ಹಸು ರೋಗ ತೀವ್ರವಾಗಿದ್ದ ಬ್ರಿಟನ್ನಿನಲ್ಲಿಯೂ ಹಾಲಿನಿಂದ ಮನುಷ್ಯರಿಗೆ ರೋಗ ಬಂದ ಪುರಾವೆ ಇಲ್ಲ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಈ ರೋಗದ ಕಾರಣದಿಂದ ನಿರ್ಬಂಧ ವಿಧಿಸುವುದಿಲ್ಲ.

ಪ್ರಶ್ನೆ: ಕುರಿ, ಮೇಕೆಯ ತಲೆಮಾಂಸ ಮತ್ತು ಮೆದುಳು ತಿನ್ನಬಹುದೇ?
ಉತ್ತರ: ಕುರಿ, ಮೇಕೆಗಳ ಸ್ಕ್ರೇಪಿ ಮನುಷ್ಯರಿಗೆ ಬಂದ ಪುರಾವೆ ಇಲ್ಲ. ಆದರೂ ರೋಗಪೀಡಿತ ಅಥವಾ ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಸೇವಿಸಬಾರದು. ಪಶುವೈದ್ಯರ ತಪಾಸಣೆ ಇರುವ ವಧಾಗಾರದ ಮಾಂಸವನ್ನೇ ಖರೀದಿಸುವುದು ಉತ್ತಮ.

ಪ್ರಶ್ನೆ: ಹಸು ವಿಚಿತ್ರವಾಗಿ ವರ್ತಿಸಿದರೆ ಅದು ಹುಚ್ಚು ಹಸು ರೋಗವೇ?
ಉತ್ತರ: ನಮ್ಮಲ್ಲಿ ಇಂತಹ ಲಕ್ಷಣಕ್ಕೆ ರೇಬಿಸ್ ಕಾರಣವಾಗಿರುವ ಸಂಭವವೇ ಹೆಚ್ಚು. ರೇಬಿಸ್ ಜೊಲ್ಲಿನಿಂದ ಹರಡುತ್ತದೆ. ಹಸುವಿನ ಬಾಯಿಗೆ ಕೈ ಹಾಕದೆ ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ತಿಳಿಸಬೇಕು.

ಪ್ರಶ್ನೆ: ಚಿಕಿತ್ಸೆ ಇಲ್ಲವೆಂದ ಮೇಲೆ ಆಸ್ಪತ್ರೆಗೆ ಏಕೆ ಹೋಗಬೇಕು?
ಉತ್ತರ: ಗುಣವಾಗಬಲ್ಲ ಇತರ ಕಾರಣಗಳನ್ನು ತಳ್ಳಿಹಾಕಲು ತಪಾಸಣೆ ಬೇಕು. ಸಿಜೆಡಿ ಎಂದೇ ತಿಳಿದುಬಂದಲ್ಲಿಯೂ ಬೆಚ್ಚಿಬೀಳುವಿಕೆ, ನೋವು, ಆತಂಕಗಳನ್ನು ಔಷಧಗಳಿಂದ ಕಡಿಮೆ ಮಾಡಬಹುದು. ನುಂಗಲಾಗದ ರೋಗಿಯ ಆಹಾರ, ಹಾಸಿಗೆ ಹುಣ್ಣು ಆಗದಂತೆ ನೋಡಿಕೊಳ್ಳುವ ಬಗೆ ಇತ್ಯಾದಿಗಳ ಬಗ್ಗೆ ಮನೆಯವರಿಗೆ ಮಾರ್ಗದರ್ಶನ ದೊರೆಯುತ್ತದೆ. ಉಳಿದಿರುವ ಸಮಯ ಎಷ್ಟೆಂದು ತಿಳಿದಲ್ಲಿ ಕುಟುಂಬದವರು ಅಗತ್ಯ ನಿರ್ಧಾರಗಳನ್ನು ತೆಗೆದುಕೊಳ್ಳಲು, ದೂರದಲ್ಲಿರುವವರನ್ನು ಕರೆಸಿಕೊಳ್ಳಲು ಅನುಕೂಲವಾಗುತ್ತದೆ.

13. ಸೂಚನೆ

ಈ ಪುಟದಲ್ಲಿರುವ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ. ರೋಗಲಕ್ಷಣಗಳ ಬಗ್ಗೆ ಸಂಶಯವಿದ್ದಲ್ಲಿ ಸಮೀಪದ ಸರ್ಕಾರಿ ಆಸ್ಪತ್ರೆಯ ಮೂಲಕ ನರರೋಗ ತಜ್ಞರನ್ನು ಸಂಪರ್ಕಿಸುವುದು. ಪ್ರಿಯಾನ್ ರೋಗವಿರುವ ವ್ಯಕ್ತಿಗೆ ಆರೈಕೆ, ವಸತಿ ಅಥವಾ ಅಂತ್ಯಸಂಸ್ಕಾರವನ್ನು ಸೋಂಕಿನ ಭಯದಿಂದ ನಿರಾಕರಿಸಲು ಯಾವುದೇ ವೈಜ್ಞಾನಿಕ ಆಧಾರವಿರುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬೇಕಾಗಿ ಕೋರಲಾಗಿದೆ.